‘ಛೂ’ ಅನ್ನುವುದನ್ನು ಮೊದಲು ನಿಲ್ಲಿಸಿ

ಪ್ರಶ್ನೆ: ಬಾಳೆಲೆ ಹತ್ತಿರ ನಮ್ಮದು ಆರು ಎಕರೆ ರೋಬಸ್ಟಾ ತೋಟ, ಒಂದೂವರೆ ಎಕರೆ ಗದ್ದೆ. ನಾನು ಗೋಣಿಕೊಪ್ಪಕ್ಕೆ ಕೆಲಸಕ್ಕೆ ಹೋಗುತ್ತೇನೆ. ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟರೆ ಬರುವಾಗ ಕತ್ತಲಾಗಿರುತ್ತದೆ. ಕಳೆ ತೆಗೆಸುವ ಕೂಲಿ ಉಳಿಯಲಿ, ನಾಲ್ಕು ಕಾಸೂ ಬರಲಿ ಎಂದು ಹೋದ ವರ್ಷ ಬನ್ನೂರು ಕುರಿ ತಂದೆ. ಈಗ ಇಪ್ಪತ್ತೆರಡು ಇವೆ. ಕಾಯುವವರು ಸಿಗುವುದಿಲ್ಲ. ಮೊಬೈಲಿನಲ್ಲಿ ವಿಡಿಯೊಗಳನ್ನು ನೋಡಿ ಬೆಂಗಳೂರಿನಿಂದ ಒಂದು ಬಾರ್ಡರ್ ಕೋಲಿ ಮರಿ ತಂದೆ. ಹೆಸರು ಬ್ರೂನೋ, ಈಗ ಒಂಬತ್ತು ತಿಂಗಳು. ಕುರಿ ಕಂಡರೆ ಹುಚ್ಚು ಹಿಡಿದ ಹಾಗೆ ಆಡುತ್ತಾನೆ. ಹೋದ ತಿಂಗಳು ಕಟ್ಟು ಕಿತ್ತುಕೊಂಡು ನುಗ್ಗಿ ಒಂದು ಕುರಿಯ ಹಿಂಗಾಲಿಗೆ ಬಾಯಿ ಹಾಕಿದ. ಉಳಿದವು ಚೆಲ್ಲಾಪಿಲ್ಲಿಯಾಗಿ ಪಕ್ಕದವರ ತೋಟಕ್ಕೆ ನುಗ್ಗಿ ಮೆಣಸಿನ ಎಳೆ ಬಳ್ಳಿ ತಿಂದವು, ಅದೊಂದು ಜಗಳವಾಯಿತು. ಅಪ್ಪ, “ಇದು ಪೇಟೆ ನಾಯಿ, ಯಾರಿಗಾದರೂ ಕೊಟ್ಟು ಮುಧೋಳದ್ದು ತಾ” ಅನ್ನುತ್ತಾರೆ. ನನಗೆ ದಿನಕ್ಕೆ ಸಿಗುವುದು ಬೆಳಿಗ್ಗೆ ಅರ್ಧ ಗಂಟೆ, ಭಾನುವಾರ ಸ್ವಲ್ಪ ಹೆಚ್ಚು. ಇಷ್ಟು ಸಮಯದಲ್ಲಿ ಕಲಿಸಲು ಆಗುತ್ತದೆಯೇ? ಹಾಗೆಂದು ಅವನು ದಡ್ಡನಲ್ಲ. ಹಗಲೆಲ್ಲ ತೋಟಕ್ಕೆ ಬರುವ ಮಂಗ, ಬೀಡಾಡಿ ದನ ಓಡಿಸುವುದರಲ್ಲಿ ಅವನೇ ಮುಂದು.
— ಓದುಗರು, ಬಾಳೆಲೆ

ಉತ್ತರ: ಅರ್ಧ ಗಂಟೆ ಧಾರಾಳವಾಯಿತು. ಕುರಿಯ ಮುಂದೆ ಎಳೆ ನಾಯಿಯ ತಲೆ ನೆಟ್ಟಗೆ ಓಡುವುದು ಹತ್ತು ನಿಮಿಷ, ಬಹಳವೆಂದರೆ ಹದಿನೈದು. ಆಮೇಲೆ ಅದರ ಕಾಲು ಸೋಲುವುದಿಲ್ಲ, ಬುದ್ಧಿ ಸೋಲುತ್ತದೆ. ಬುದ್ಧಿ ಸೋತ ನಾಯಿ ಮಾತು ಕೇಳುವುದನ್ನು ಬಿಟ್ಟು ಬಾಯಿ ಹಾಕುತ್ತದೆ. ಕುರಿನಾಯಿ ಕಲಿಸುವುದನ್ನೇ ಕಸುಬು ಮಾಡಿಕೊಂಡವರೂ ಮರಿಯೊಂದಕ್ಕೆ ದಿನವಿಡೀ ಪಾಠ ಮಾಡುವುದಿಲ್ಲ. ಹತ್ತು ನಿಮಿಷ ಕೆಲಸ ಮಾಡಿಸಿ ಗೂಡಿಗೆ ಹಾಕಿ ಮುಂದಿನ ನಾಯಿಯನ್ನು ಬಿಡುತ್ತಾರೆ. ಹಾಗಾಗಿ ಸಮಯ ಸಾಲದು ಎಂಬ ಚಿಂತೆಯನ್ನು ಬಿಡಿ.

ನನಗೆ ಚಿಂತೆ ಹತ್ತಿಸಿದ್ದು ನೀವು ಹೆಮ್ಮೆಯಿಂದ ಬರೆದ ಕೊನೆಯ ಮಾತು. ನೀವು ಕಲಿಸುವುದು ಅರ್ಧ ಗಂಟೆ, ಮಂಗ ಮತ್ತು ದನ ಕಲಿಸುವುದು ಹತ್ತು ಗಂಟೆ. ಯಾರ ಪಾಠ ತಲೆಗೆ ಹತ್ತೀತು, ನೀವೇ ಹೇಳಿ. ಮಂಗ ಬಂದಾಗ ಮನೆಯಲ್ಲಿ ಯಾರೋ ಒಬ್ಬರು ‘ಛೂ’ ಅನ್ನುತ್ತಾರೆ, ಬ್ರೂನೋ ಬೊಗಳುತ್ತ ನುಗ್ಗುತ್ತಾನೆ, ಮಂಗ ಓಡುತ್ತದೆ, ಎಲ್ಲರೂ ಭೇಷ್ ಅನ್ನುತ್ತಾರೆ. ಕಾಲಿರುವ ಪ್ರಾಣಿ ಕಂಡರೆ ನೇರ ನುಗ್ಗಬೇಕು, ಅದು ಓಡುವ ತನಕ ಬಿಡಬಾರದು ಎಂದು ಅವನು ಕಲಿತಿದ್ದಾನೆ, ಚೆನ್ನಾಗಿಯೇ ಕಲಿತಿದ್ದಾನೆ. ಅದನ್ನೇ ಕುರಿಯ ಮೇಲೆ ತೋರಿಸಿದ. ಅವನ ಲೆಕ್ಕದಲ್ಲಿ ಅವತ್ತು ಅವನಿಗೆ ಬೈಗುಳ ಯಾಕೆ ಸಿಕ್ಕಿತೆಂಬುದೇ ಅರ್ಥವಾಗಿರಲಿಕ್ಕಿಲ್ಲ.

ಅಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಅವರು ನಾಯಿ ನೋಡಿದ ಕಣ್ಣೇ ಬೇರೆ. ಕೊಡಗಿನ ಹಳೆ ಮನೆಗಳಲ್ಲಿ ನಾಯಿ ಎಂದರೆ ಬೇಟೆಯ ನಾಯಿ. ಪೊದೆಗೆ ನುಗ್ಗಿ ಹಂದಿಯನ್ನು ಎಬ್ಬಿಸಿ ಕೋವಿ ಹಿಡಿದು ಕೂತವರ ಕಡೆಗೆ ಓಡಿಸುವುದು ಅದರ ಕೆಲಸ. ಸದ್ದು ಮಾಡಬೇಕು, ಮುನ್ನುಗ್ಗಬೇಕು, ಕೋರೆಗೆ ಹೆದರಬಾರದು. 1972ರ ವನ್ಯಜೀವಿ ಕಾಯ್ದೆ ಬಂದು ಬೇಟೆ ನಿಂತಿತು, ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ಹೂವಿಡುವುದು ಉಳಿಯಿತು, ನಾಯಿ ಅಂಗಳದ ಕಾವಲಿಗೆ ಬಂತು. ಆದರೆ ಒಳ್ಳೆಯ ನಾಯಿ ಎಂದರೆ ಹೇಗಿರಬೇಕು ಎಂಬ ಅಳತೆಗೋಲು ಬದಲಾಗಲಿಲ್ಲ. ಆ ಅಳತೆಯಲ್ಲಿ ಬಾರ್ಡರ್ ಕೋಲಿ ಪೂರ್ತಿ ಫೇಲು. ಕುರಿಯ ಮುಂದೆ ಅದು ಬೊಗಳುವುದಿಲ್ಲ, ಮೈ ತಗ್ಗಿಸಿ ಹೆಜ್ಜೆ ಇಡುತ್ತದೆ, ನುಗ್ಗುವ ಬದಲು ದೂರದಿಂದ ಬಳಸಿಕೊಂಡು ಹೋಗುತ್ತದೆ. ನಿಮ್ಮ ತಂದೆಗೆ ಪುಕ್ಕಲುತನವಾಗಿ ಕಾಣುವುದೇ ಈ ತಳಿಯ ಕಸುಬು.

ಈ ತಳಿಯ ಕಥೆಯನ್ನು ಅವರಿಗೆ ಒಮ್ಮೆ ಹೇಳಿ ನೋಡಿ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಗಡಿಯ ಗುಡ್ಡಗಳಲ್ಲಿ ಕುರಿಗಳನ್ನು ಕಾಯುವವರಿಲ್ಲದೆ ಮೇಯಲು ಬಿಡುತ್ತಾರೆ. ಬೇಕಾದಾಗ ಒಬ್ಬ ಮನುಷ್ಯ ಕೆಳಗೆ ನಿಂತು ನಾಯಿಯನ್ನು ಕಳಿಸಬೇಕು. ಅದು ಗುಡ್ಡದ ಆಚೆ ಬದಿಗೆ ಬಳಸಿ ಹೋಗಿ ಕುರಿಗಳನ್ನೆಲ್ಲ ಒಟ್ಟು ಮಾಡಿ ಅವನ ಕಾಲ ಬಳಿಗೆ ತರಬೇಕು. 1873ರಲ್ಲಿ ವೇಲ್ಸಿನ ಬಾಲಾ ಎಂಬ ಊರಿನಲ್ಲಿ ಇದನ್ನು ಪಂದ್ಯವಾಗಿಯೇ ನಡೆಸಿದರು. 1893ರಲ್ಲಿ ನಾರ್ಥಂಬರ್ಲೆಂಡಿನ ಆಡಂ ಟೆಲ್ಫರ್ ಎಂಬ ರೈತನ ಮನೆಯಲ್ಲಿ ಹೆಂಪ್ ಎಂಬ ಗಂಡು ಮರಿ ಹುಟ್ಟಿತು. ಅಪ್ಪ ನಾಯಿ ಸಡಿಲ ಸ್ವಭಾವದ್ದು, ತಾಯಿ ನಾಯಿ ಕುರಿಯನ್ನು ದಿಟ್ಟಿಸಿ ನೋಡುತ್ತ ನಿಂತುಬಿಡುವಂಥದ್ದು. ಎರಡೂ ಹದವಾಗಿ ಬೆರೆತ ಹೆಂಪ್ ಗಲಾಟೆಯಿಲ್ಲದೆ ಕುರಿಗಳನ್ನು ನಡೆಸುತ್ತಿತ್ತು. ಇವತ್ತಿನ ಬಾರ್ಡರ್ ಕೋಲಿಗಳ ವಂಶಾವಳಿ ಹಿಡಿದು ಹೋದರೆ ಕೊನೆಗೆ ಮುಟ್ಟುವುದು ಅದನ್ನೇ. ಬೇಟೆಯ ಹುಟ್ಟುಗುಣದಿಂದ ಕೊಲ್ಲುವ ಭಾಗವನ್ನು ಕಳೆದು, ಸುತ್ತುವರಿದು ಯಜಮಾನನಿಗೆ ತಂದೊಪ್ಪಿಸುವ ಭಾಗವನ್ನು ಉಳಿಸಿಕೊಂಡ ತಳಿ ಇದು. ಬ್ರೂನೋನ ರಕ್ತದಲ್ಲಿ ಅದು ಇದ್ದೇ ಇದೆ. ‘ಛೂ’ ಅನ್ನುವ ಪ್ರತಿ ಸಲವೂ ಕಳೆದು ಹಾಕಿದ್ದ ಭಾಗಕ್ಕೆ ನೀವೇ ನೀರೆರೆಯುತ್ತಿದ್ದೀರಿ.

ಮುಧೋಳದ ಮಾತು. ಅದು ಓಟದ ನಾಯಿ, ಕಣ್ಣಿಗೆ ಕಂಡದ್ದನ್ನು ಅಟ್ಟಿ ಹಿಡಿಯುವ ಜಾತಿ. 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು, ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಅದಕ್ಕಾಗಿಯೇ ಪಶುವೈದ್ಯ ವಿಶ್ವವಿದ್ಯಾಲಯದ ಕೇಂದ್ರವಿದೆ, ಸೈನ್ಯವೂ ಕೊಂಡೊಯ್ದು ಪಳಗಿಸಿದೆ. ಹೆಮ್ಮೆ ಪಡುವ ನಾಯಿಯೇ. ಆ ಕಡೆಯ ಕುರುಬರು ಮಂದೆಯ ಜೊತೆ ನಾಯಿ ಇಟ್ಟುಕೊಳ್ಳುವುದೂ ನಿಜ. ಆದರೆ ಅಲ್ಲಿ ಕುರಿಯನ್ನು ನಡೆಸುವುದು ಮನುಷ್ಯನ ಕೂಗು, ಕೋಲು. ನಾಯಿ ಇರುವುದು ರಾತ್ರಿ ಹಟ್ಟಿಯ ಸುತ್ತ ತೋಳ, ಕಳ್ಳರ ಕಾವಲಿಗೆ. ಕಾಯುವ ನಾಯಿ ಬೇರೆ, ನಡೆಸುವ ನಾಯಿ ಬೇರೆ. ಕುರಿ ಒಟ್ಟು ಮಾಡಲಿ ಎಂದು ಮುಧೋಳವನ್ನು ತಂದರೆ ಈಗಿನ ತೊಂದರೆಗೆ ಇನ್ನಷ್ಟು ಉದ್ದದ ಕಾಲು ಕೊಟ್ಟ ಹಾಗೆ.

ಇನ್ನು ಕೆಲಸಕ್ಕೆ ಬರೋಣ. ನಾಳೆಯಿಂದ ನೀವು ಮನೆಯಲ್ಲಿ ಇಲ್ಲದ ಹೊತ್ತಿನಲ್ಲಿ ಬ್ರೂನೋ ಗೂಡಿನಲ್ಲಿರಲಿ, ಇಲ್ಲವೇ ಕುರಿ ಕೊಟ್ಟಿಗೆ ಕಾಣದ ಬದಿಯಲ್ಲಿ ನೆರಳಿರುವ, ಬೇಲಿ ಹಾಕಿದ ಜಾಗದಲ್ಲಿರಲಿ. ಇದು ಶಿಕ್ಷೆಯಲ್ಲ. ಕುರಿ ಕಾಣುವ ಕಡೆ ಕಟ್ಟಿಹಾಕಿದರೆ ದಿನವಿಡೀ ದಿಟ್ಟಿಸಿ ನೋಡಿ, ಹಗ್ಗ ಜಗ್ಗಿ ಜಗ್ಗಿ ತಲೆ ಕೆಡಿಸಿಕೊಳ್ಳುತ್ತಾನೆ. ಈ ತಳಿಯ ನಾಯಿಗೆ ಮಾಡಲು ಏನೂ ಇಲ್ಲದಿದ್ದರೆ ನೆರಳು, ಬೈಕಿನ ಚಕ್ರ, ಮಕ್ಕಳ ಹಿಮ್ಮಡಿ ಯಾವುದನ್ನಾದರೂ ಹಿಂಬಾಲಿಸಲು ಶುರು ಮಾಡುತ್ತದೆ. ಮೆಲ್ಲಲು ಒಂದು ಮೂಳೆ, ಸಂಜೆ ನೀವು ಬಂದ ಮೇಲೆ ಅಂಗಳದಲ್ಲೇ ಹಗ್ಗ ಹಿಡಿದು ಒಂದು ಸುತ್ತು ನಡಿಗೆ ಇದ್ದರೆ ಗೂಡಿನಲ್ಲಿ ಮಲಗುವುದನ್ನು ಬೇಗ ಕಲಿಯುತ್ತಾನೆ. ನಿಮ್ಮ ಕಡೆ ನಾಯಿಯನ್ನು ಬಿಟ್ಟು ಸಾಕುವುದಕ್ಕೆ ಬೇರೆ ಭಯಗಳೂ ಇವೆ. ನಾಗರಹೊಳೆಯ ಅಂಚಿನ ಊರು. ಚಿರತೆಗೆ ನಾಯಿ ಸುಲಭದ ತುತ್ತು. ಹಂದಿಗೆಂದು ಯಾರೋ ಕದ್ದು ಇಟ್ಟ ಉರುಳಿಗೆ ಸಿಕ್ಕಿ ಸಾಯುವ ನಾಯಿಗಳೂ ಇವೆ.

ಮಂಗ ಓಡಿಸುವವರು ಯಾರು ಅನ್ನುತ್ತೀರಿ. ಮನೆಯಲ್ಲಿ ಇನ್ನೊಂದು ನಾಟಿ ನಾಯಿ ಇದ್ದರೆ ಅದಕ್ಕೆ ಬಿಡಿ. ಇಲ್ಲದಿದ್ದರೆ ಮಂಗಕ್ಕೆ ನಾಲ್ಕು ಪೇರಳೆ ಹೋಗಲಿ. ಈ ಒಂದು ವರ್ಷ ಬ್ರೂನೋನನ್ನು ಯಾವ ಪ್ರಾಣಿಯ ಮೇಲೂ ಛೂ ಬಿಡುವುದಿಲ್ಲ ಎಂದು ಮನೆಯವರೆಲ್ಲ ಒಪ್ಪಬೇಕು. ಕೂಲಿಯವರ ಲೈನ್ ಮನೆಯ ಮಕ್ಕಳೂ ಸೇರಿ. ಒಪ್ಪುವುದಿಲ್ಲ ಎಂದಾದರೆ ಮುಂದಿನ ಪ್ಯಾರಾಗಳನ್ನು ಓದುವುದು ವ್ಯರ್ಥ. ಪಾಠ ಶುರು ಮಾಡಬೇಡಿ.

ಮೊದಲ ಮೂರು ವಾರ ಕುರಿಯೇ ಬೇಡ. ಎರಡು ವಿಷಯ ಮಾತ್ರ: ನಿಲ್ಲು ಎಂದರೆ ಇದ್ದಲ್ಲೇ ಮಲಗಬೇಕು, ಕರೆದರೆ ಎಂಥ ಮೋಜನ್ನೂ ಬಿಟ್ಟು ಬರಬೇಕು. ಹತ್ತು ಮೀಟರಿನ ತೆಳುವಾದ, ಗಂಟಿಲ್ಲದ ಹಗ್ಗವನ್ನು ಪಟ್ಟಿಗೆ ಕಟ್ಟಿ ನೆಲದ ಮೇಲೆ ಎಳೆಯಲು ಬಿಡಿ. ಅಂಗಳದಲ್ಲಿ ಎಲ್ಲ ನಾಯಿಯೂ ಮಾತು ಕೇಳುತ್ತದೆ. ಕೋಳಿ ಓಡುವಾಗ, ತಟ್ಟೆಗೆ ಅನ್ನ ಹಾಕುವಾಗ, ಗೇಟು ತೆಗೆಯುವಾಗ ನಿಲ್ಲುತ್ತಾನೆಯೇ ನೋಡಿ. ಊಟದ ತಟ್ಟೆಯ ಮುಂದೆ, ಗೇಟಿನ ಮುಂದೆ ದಿನಕ್ಕೆ ನಾಲ್ಕಾರು ಸಲ ಇದು ನಡೆದರೆ ಅದಕ್ಕೆ ಬೇರೆ ಸಮಯ ಬೇಡ, ಹೇಗಿದ್ದರೂ ಮಾಡುವ ಕೆಲಸದಲ್ಲೇ ಪಾಠ ಆಗಿಹೋಗುತ್ತದೆ. ಇದನ್ನು ಅಪ್ಪನಿಗೆ ವಹಿಸಿ. ಬೇಟೆನಾಯಿ ಸಾಕಿದವರಿಗೆ ನಾಯಿಯನ್ನು ತಡೆದು ನಿಲ್ಲಿಸುವುದು ಹೊಸ ವಿದ್ಯೆಯಲ್ಲ. ಹಗಲೆಲ್ಲ ಮನೆಯಲ್ಲಿರುವವರು ಅವರು. ಇಬ್ಬರೂ ಒಂದೇ ಮಾತು ಬಳಸಬೇಕು, ಅಷ್ಟೇ. ನೀವು ‘ಕೂತ್ಕೋ’, ಅವರು ‘ಬುದ್ಧಿ ಇಲ್ವಾ ನಿಂಗೆ, ಕೂರು’ ಅಂದರೆ ನಾಯಿಗೆ ಅದು ಎರಡು ಭಾಷೆ.

ಈ ಮೂರು ವಾರದಲ್ಲಿ ಕುರಿಗಳಿಗೂ ಒಂದು ಪಾಠ ಇದೆ. ನಿಮ್ಮ ಬನ್ನೂರು ಕುರಿ ಮಳವಳ್ಳಿ ಕಡೆಯ ಮನೆಗಳಲ್ಲಿ ಐದೋ ಹತ್ತೋ ಒಟ್ಟಿಗೆ ಬೆಳೆಯುವ ಜಾತಿ. ಗಿಡ್ಡ ಕಾಲು, ತುಂಬಿದ ಮೈ, ಮನುಷ್ಯರ ಹಿಂದೆಯೇ ಬರುವ ಸಾಧುಗುಣ. ಅವಕ್ಕೆ ಗೊತ್ತಿರುವ ನಾಯಿ ಎಂದರೆ ಕಚ್ಚಲು ಬರುವ ಬೀದಿ ನಾಯಿ. ಹೋದ ತಿಂಗಳ ಗಲಾಟೆಯ ನಂತರ ಅದು ಇನ್ನೂ ಗಟ್ಟಿಯಾಗಿದೆ. ಹಾಗಾಗಿ ಬ್ರೂನೋನನ್ನು ಹಗ್ಗದಲ್ಲಿ ಹಿಡಿದು, ಗಟ್ಟಿ ಬೇಲಿಯ ಈಚೆಯಿಂದ, ಕುರಿಗಳು ಮೇವು ತಿನ್ನುವ ಹೊತ್ತಿನಲ್ಲಿ ಸುಮ್ಮನೆ ಹಾದುಹೋಗಿ. ಅವು ತಲೆ ಎತ್ತಿ ನೋಡಿ ಮತ್ತೆ ಬೂಸಾಕ್ಕೆ ಬಾಯಿ ಹಾಕುವ ದಿನ ಬಂದರೆ ಅರ್ಧ ಕೆಲಸ ಆಯಿತು.

ಪಾಠದ ಜಾಗ ಗದ್ದೆ. ತೋಟದೊಳಗೆ ಬೇಡವೇ ಬೇಡ. ಕಾಫಿ ಗಿಡಗಳ ನಡುವೆ ನಿಮಗೆ ನಾಯಿ ಕಾಣುವುದಿಲ್ಲ, ನಾಯಿಗೆ ಕುರಿ ಕಾಣುವುದಿಲ್ಲ, ಯಾರು ಏನು ಮಾಡಿದರೆಂದು ಯಾರಿಗೂ ಗೊತ್ತಾಗುವುದಿಲ್ಲ. ಭತ್ತದ ಕೊಯ್ಲು ಮುಗಿದು ಗದ್ದೆ ಒಣಗಿರುವ ಈ ಕಾಲ ನಿಮಗೆ ದೇವರು ಕೊಟ್ಟದ್ದು. ಮಳೆ ಹಿಡಿಯುವ ತನಕ ನಾಲ್ಕೈದು ತಿಂಗಳು ಸಿಗುತ್ತದೆ. ಒಂದು ಮೂಲೆಯಲ್ಲಿ ಬಿದಿರಿನ ಗೂಟ ನೆಟ್ಟು ನೆರಳುಬಲೆ ಸುತ್ತಿ ಮೂವತ್ತು ಹೆಜ್ಜೆ ಅಗಲದ ಆವರಣ ಮಾಡಿ. ಮೂಲೆಗಳನ್ನು ಗುಂಡಾಗಿಸಿ, ಇಲ್ಲವಾದರೆ ಕುರಿಗಳು ಮೂಲೆಗೆ ಒತ್ತಿಕೊಂಡು ನಿಂತು ನಾಯಿಗೆ ಸುತ್ತಲು ದಾರಿಯೇ ಇರುವುದಿಲ್ಲ. ನೀರು ನಿಂತು ಜೌಗಾದ ಗದ್ದೆಯಾದರೆ ಬಿಟ್ಟುಬಿಡಿ. ಅಲ್ಲಿನ ಬಸವನಹುಳುಗಳಿಂದ ಕುರಿಯ ಪಿತ್ತಜನಕಾಂಗಕ್ಕೆ ಎಲೆಯಾಕಾರದ ಹುಳು ಹತ್ತುತ್ತದೆ.

ಹೊತ್ತಿನ ವಿಷಯದಲ್ಲಿ ನಿಮ್ಮ ಊರಿಗೊಂದು ಎಚ್ಚರಿಕೆ. ಬೇರೆ ಊರಿನವರಿಗಾದರೆ ಬೆಳಕು ಹರಿಯುತ್ತಲೇ ಶುರು ಮಾಡಿ ಎನ್ನುತ್ತಿದ್ದೆ. ಬಾಳೆಲೆಯಲ್ಲಿ ಆ ಹೊತ್ತಿಗೆ ಗದ್ದೆ ಬದಿಯಲ್ಲಿ ಆನೆ ಇರಬಹುದು. ಆನೆಗೆ ಬೊಗಳಿದ ನಾಯಿ ಹೆದರಿ ಓಡಿಬರುವುದು ಯಜಮಾನನ ಕಾಲಡಿಗೆ, ಆನೆಯೂ ಅದರ ಹಿಂದೆಯೇ. ಏಳೂವರೆ ಎಂಟರ ಹೊತ್ತಿಗೆ, ಮಂಜು ಸರಿದು ಗದ್ದೆಯ ಆಚೆ ದಡ ಕಾಣುವಾಗ, ಲದ್ದಿ ಹೆಜ್ಜೆ ಏನಾದರೂ ಇದೆಯೇ ನೋಡಿಕೊಂಡು ಇಳಿಯಿರಿ. ಫೆಬ್ರವರಿ ಕಳೆದ ಮೇಲೆ ಒಂಬತ್ತರ ಬಿಸಿಲೂ ಈ ದಟ್ಟ ಕೂದಲಿನ ನಾಯಿಗೆ ಜಾಸ್ತಿ. ಕುರಿ ಮುಂದಿರುವಾಗ ಅದು ಸುಸ್ತಾಯಿತೆಂದು ತಾನಾಗಿ ನಿಲ್ಲುವುದಿಲ್ಲ, ಬೀಳುವ ತನಕ ಓಡುತ್ತದೆ. ನಾಲಿಗೆ ಅಗಲವಾಗಿ ಜೋತುಬಿದ್ದು ತುದಿ ಮೇಲಕ್ಕೆ ಮಡಚಿಕೊಂಡರೆ ಆ ದಿನಕ್ಕೆ ಮುಗಿಸಿ, ಬಾನಿಯ ನೀರಿನಲ್ಲಿ ಇಳಿಸಿ.

ಇಪ್ಪತ್ತೆರಡನ್ನೂ ಬಿಡಬೇಡಿ. ಐದಾರು ಸಾಕು. ಗಬ್ಬದ ಕುರಿ ಬೇಡ, ಓಡಾಟದಲ್ಲಿ ಕಂದು ಹಾಕಬಹುದು. ಎಳೆಮರಿಯ ತಾಯಿಯೂ ಟಗರೂ ಬೇಡ. ಅವು ತಿರುಗಿ ನಿಂತು ಒಂದು ಗುದ್ದು ಕೊಟ್ಟರೆ ಎಳೆ ನಾಯಿಯ ಧೈರ್ಯ ಅಲ್ಲಿಗೇ ಮುಗಿಯಿತು, ಅಥವಾ ಹೆದರಿಕೆಯಲ್ಲೇ ಕಚ್ಚಲು ಕಲಿಯುತ್ತದೆ. ಒಂದು ವರ್ಷ ದಾಟಿದ, ಗಬ್ಬವಿಲ್ಲದ ಹೆಣ್ಣು, ಬೀಜ ಒಡೆದ ಗಂಡು ಇದ್ದರೆ ಅವನ್ನು ಆರಿಸಿ.

ಮೊದಲ ದಿನ ಏನಾಗುತ್ತದೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ವಿಡಿಯೊದಲ್ಲಿ ಇದು ಕಾಣುವುದಿಲ್ಲ. ಕುರಿಗಳು ನಡುವಿನಲ್ಲಿ, ನಿಮ್ಮ ಹತ್ತಿರ ನಿಂತಿವೆ. ಕೈಯಲ್ಲಿ ಉದ್ದದ ಬಿದಿರು ಕೋಲು. ಬ್ರೂನೋ ಹಗ್ಗ ಎಳೆದುಕೊಂಡು ಒಳಗೆ ಬರುತ್ತಾನೆ. ಮೊದಲು ನೋಡಬೇಕಾದದ್ದು ಅವನ ಬಾಲ. ಬಾಲ ಎದ್ದು ಕುಣಿಯುತ್ತಿದ್ದರೆ ಆಟದ ಮನಸ್ಸು, ಕಾಲುಗಳ ನಡುವೆ ಇಳಿದು ತುದಿ ಮಾತ್ರ ಸೊಟ್ಟಗಿದ್ದರೆ ಕೆಲಸದ ಮನಸ್ಸು. ಅವನು ನೇರ ನುಗ್ಗಲು ನೋಡುತ್ತಾನೆ. ನೀವು ಅವನಿಗೂ ಕುರಿಗೂ ನಡುವೆ ಒಂದು ಹೆಜ್ಜೆ ಇಟ್ಟು ಕೋಲಿನ ತುದಿಯನ್ನು ನೆಲಕ್ಕೆ ಬಡಿಯಿರಿ. ನಾಯಿಗೆ ತಾಗಬಾರದು, ಕೋಲು ನಿಮ್ಮ ಕೈಯನ್ನು ಉದ್ದ ಮಾಡುವುದಕ್ಕೆ ಇರುವುದು. ದಾರಿ ಮುಚ್ಚಿತೆಂದು ಅವನು ಬದಿಗೆ ತಿರುಗಿ ಕುರಿಗಳನ್ನು ಸುತ್ತತೊಡಗುತ್ತಾನೆ. ಆಗ ನೀವು ಎದುರು ದಿಕ್ಕಿಗೆ ಸರಿಯುತ್ತ, ಕುರಿಗಳು ಯಾವಾಗಲೂ ನಿಮ್ಮ ಮತ್ತು ನಾಯಿಯ ನಡುವೆ ಇರುವಂತೆ ನೋಡಿಕೊಳ್ಳಿ. ನಾಲ್ಕಾರು ಸುತ್ತು ಬರೀ ಧೂಳು, ಗದ್ದಲ. ಆಮೇಲೆ, ಒಳ್ಳೆಯ ತಳಿಯ ಮರಿಯಾದರೆ, ಒಂದು ಕ್ಷಣ ಬರುತ್ತದೆ: ನಿಮ್ಮ ಸರಿ ಎದುರಿಗೆ, ಕುರಿಗಳ ಆಚೆ ಬದಿಯಲ್ಲಿ, ಅವನು ತಾನಾಗಿ ನಿಧಾನಿಸಿ ತಲೆ ತಗ್ಗಿಸುತ್ತಾನೆ. ಕುರಿಗಳು ನಿಮ್ಮ ಕಡೆ ಮುಖ ಮಾಡಿ ಎರಡು ಹೆಜ್ಜೆ ಇಡುತ್ತವೆ. ಅಲ್ಲೇ ‘ನಿಲ್ಲು’ ಅನ್ನಿ. ಮಲಗಿದನೋ, ಹಗ್ಗದ ಮೇಲೆ ಕಾಲಿಟ್ಟು ಹತ್ತಿರ ಹೋಗಿ ಮೈದಡವಿ ಹೊರಗೆ ಕರೆದುಕೊಂಡು ಬನ್ನಿ. ಪಾಠ ಮುಗಿಯಿತು. ಐದು ನಿಮಿಷವಾಗಿದ್ದರೂ ಮುಗಿಯಿತು. ಇನ್ನೊಂದು ಸಲ ಮಾಡಿಸಿ ಮೊಬೈಲಿನಲ್ಲಿ ಹಿಡಿಯೋಣ ಎಂಬ ಆಸೆ ಬರುತ್ತದೆ, ತಡೆದುಕೊಳ್ಳಿ.

ತಿಂಡಿಯ ಆಸೆ ತೋರಿಸಬೇಡಿ. ಕುರಿಯ ಮುಂದೆ ಈ ನಾಯಿಗೆ ಬಿಸ್ಕತ್ತು ಕಾಣುವುದೇ ಇಲ್ಲ. ಅವನಿಗೆ ಬಹುಮಾನ ಕುರಿಯೇ. ಸರಿಯಾಗಿ ಸುತ್ತಿದರೆ ಕುರಿಯ ಹತ್ತಿರ ಬಿಡುತ್ತೀರಿ, ಬಾಯಿ ಹಾಕಿದರೆ ಮಾತಿಲ್ಲದೆ ಹಗ್ಗ ಹಿಡಿದು ಗೂಡಿಗೆ ಹಾಕುತ್ತೀರಿ. ಹೊಡೆತಕ್ಕಿಂತ ಇದು ಬೇಗ ತಲೆಗೆ ಹತ್ತುತ್ತದೆ. ಕಚ್ಚುವ ನಾಯಿಗಳಲ್ಲಿ ಹೆಚ್ಚಿನವು ಸಿಟ್ಟಿಗೆ ಕಚ್ಚುವುದಿಲ್ಲ, ತೀರಾ ಹತ್ತಿರಕ್ಕೆ ಹೋಗಿ ಗಾಬರಿಯಾಗಿ ಕಚ್ಚುತ್ತವೆ. ಕುರಿಗೆ ಹಿಂದೆಯೂ ಮುಂದೆಯೂ ಕಾಣುವ ಅಗಲ ಕಣ್ಣಿದೆ, ತನ್ನ ಸುತ್ತ ಇಷ್ಟು ದೂರ ಎಂದು ಗೆರೆ ಹಾಕಿಕೊಂಡಿರುತ್ತದೆ. ನಾಯಿ ಆ ಗೆರೆಯ ಅಂಚು ಮುಟ್ಟಿದರೆ ನಡೆಯುತ್ತದೆ, ಒಳಗೆ ನುಗ್ಗಿದರೆ ದಿಕ್ಕೆಟ್ಟು ಓಡುತ್ತದೆ. ಭುಜದ ಹಿಂದಿನಿಂದ ಒತ್ತಿದರೆ ಮುಂದಕ್ಕೆ, ಭುಜದ ಮುಂದೆ ಬಂದರೆ ಹಿಂದಕ್ಕೆ. ಬ್ರೂನೋನನ್ನು ಬಿಡುವ ಮೊದಲು ನೀವೇ ಕೋಲಿಲ್ಲದೆ ಕುರಿಗಳ ನಡುವೆ ನಡೆದು ಇದನ್ನು ನೋಡಿಕೊಳ್ಳಿ. ನಾಯಿಗಿಂತ ಮೊದಲು ನೀವು ಕುರಿ ಓದಲು ಕಲಿತರೆ ನಿಮ್ಮ ಅರ್ಧ ಗಂಟೆ ಒಂದು ಗಂಟೆಯಾಗುತ್ತದೆ.

ಎಡ, ಬಲದ ಅಪ್ಪಣೆಗಳಿಗೆ ಆತುರ ಬೇಡ. ಅವನು ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತುತ್ತಿರುವಾಗಲೇ ಒಂದು ಮಾತು ಹೇಳುತ್ತಿರಿ, ಎದುರು ದಿಕ್ಕಿಗಾದರೆ ಇನ್ನೊಂದು. ವಾರಗಳು ಕಳೆದಂತೆ ಮಾತಿಗೂ ದಿಕ್ಕಿಗೂ ತಾನಾಗಿ ಗಂಟು ಬೀಳುತ್ತದೆ. ‘ಎಡ’, ‘ಬಲ’ ಎಂದೇ ಹೇಳಿದರೆ ಗಾಳಿಯಲ್ಲಿ ಎರಡೂ ಒಂದೇ ಹಾಗೆ ಕೇಳುತ್ತವೆ, ಜೊತೆಗೆ ಎದುರು ನಿಂತಾಗ ಯಾರ ಎಡ ಎಂದು ನಿಮಗೇ ಗೊಂದಲ. ಒಂದಕ್ಕೆ ಗಿಡ್ಡದಾಗಿ ‘ಸುತ್ತು’, ಇನ್ನೊಂದಕ್ಕೆ ಎಳೆದು ‘ಆಚೇ’ ಎಂದಿಟ್ಟುಕೊಳ್ಳಿ. ಸೀಟಿಯ ಪಾಠ ಬರುವ ವರ್ಷಕ್ಕೆ.

ವಾರದಲ್ಲಿ ಮೂರು ಬೆಳಿಗ್ಗೆ ಕುರಿ, ಉಳಿದ ದಿನ ಬರೀ ನಿಲ್ಲು–ಬಾ. ಭಾನುವಾರ ಸಮಯ ಇದೆಯೆಂದು ಎರಡು ಗಂಟೆ ಎಳೆಯಬೇಡಿ. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಬಿಸಿಲು ಇಳಿದ ಮೇಲೆ ಕತ್ತಲಿಗೆ ಮೊದಲೇ ಹತ್ತು ನಿಮಿಷ ಮಾಡಿ. ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ಒಂದು ವಾರ ತಪ್ಪಿದರೆ ಏನೂ ಆಗುವುದಿಲ್ಲ. ಕಲಿತದ್ದನ್ನು ಈ ನಾಯಿ ಮರೆಯುವುದಿಲ್ಲ, ಆ ವಾರದಲ್ಲಿ ಬಿಚ್ಚಿಕೊಂಡು ಹೋಗಿ ತಾನೇ ಬೇರೆ ಏನನ್ನೋ ಕಲಿಯದಿದ್ದರೆ ಸರಿ. ಪಕ್ಕದವರ ಮೆಣಸಿನ ಬಳ್ಳಿಯ ಲೆಕ್ಕವನ್ನೂ ಗದ್ದೆಗೆ ಇಳಿಯುವ ಮೊದಲೇ ಚುಕ್ತಾ ಮಾಡಿಬಿಡಿ. ಇನ್ನೊಂದು ಸಲ ಕುರಿ ತಪ್ಪಿಸಿಕೊಂಡರೂ ಓಡುವುದು ಅದೇ ತೋಟಕ್ಕೆ.

ಈಗ ನಿಮಗೆ ಇಷ್ಟವಾಗದ ಮಾತು. ಕಾಯುವವರು ಸಿಗುವುದಿಲ್ಲವೆಂದು ನಾಯಿ ತಂದೆ ಎಂದಿದ್ದೀರಿ. ಎಷ್ಟೇ ಚೆನ್ನಾಗಿ ಕಲಿತರೂ ಬ್ರೂನೋ ಕಾಯುವವನಾಗುವುದಿಲ್ಲ. ನೀವು ಗೋಣಿಕೊಪ್ಪದಲ್ಲಿರುವಾಗ ಅವನನ್ನು ಕುರಿಗಳ ಜೊತೆ ಬಿಟ್ಟರೆ ಸಂಜೆಯವರೆಗೂ ಅವನ್ನು ಸುತ್ತಿಸಿ ಸುತ್ತಿಸಿ ಮೇಯಲು ಬಿಡುವುದಿಲ್ಲ. ಹುಲಿ, ಚಿರತೆ ಬಂದರೆ ಮೊದಲು ಹೋಗುವುದು ಅವನೇ. ಹಗಲಿನ ಕಾವಲು ಬೇಲಿಯ ಕೆಲಸ, ಮಾಡಿಗೂ ಜಾಲರಿ ಹಾಕಿದ ಕೊಟ್ಟಿಗೆ ರಾತ್ರಿಯದು. ತೋಟವನ್ನು ಎತ್ತಿಡಬಹುದಾದ ಬಲೆ ಬೇಲಿಯಿಂದ ತುಂಡುತುಂಡಾಗಿ ಮಾಡಿ, ಒಂದೊಂದು ತುಂಡಿನ ಕಳೆಯನ್ನು ಸರದಿಯಂತೆ ಮೇಯಿಸಿ; ಎಳೆ ಗಿಡ, ಎಳೆ ಬಳ್ಳಿ ಇರುವ ತುಂಡಿಗೆ ಬಿಡಬೇಡಿ. ಬೆಳಿಗ್ಗೆ ಕೊಟ್ಟಿಗೆಯಿಂದ ಆ ತುಂಡಿಗೆ ಕುರಿಗಳನ್ನು ನಡೆಸಿ ಗೇಟು ಹಾಕುವುದು, ಚುಚ್ಚುಮದ್ದಿನ ದಿನ ಎಲ್ಲವನ್ನೂ ಒಂದು ಮೂಲೆಗೆ ತಂದು ನಿಲ್ಲಿಸುವುದು ಬ್ರೂನೋನ ಕೆಲಸ. ಹತ್ತು ನಿಮಿಷದ ಕೆಲಸ, ನಿಮ್ಮ ಅರ್ಧ ಗಂಟೆಯೊಳಗೇ ಬರುತ್ತದೆ. ಇಪ್ಪತ್ತೆರಡು ಕುರಿಗೆ ಇದನ್ನು ಬೂಸಾದ ಬಕೆಟ್ಟು ಹಿಡಿದು ಮುಂದೆ ನಡೆದರೂ ಮಾಡಿಸಬಹುದು, ಸುಳ್ಳು ಹೇಳುವುದಿಲ್ಲ. ನಾಯಿ ನಿಮಗೆ ಇಷ್ಟವೆಂದು ಕಲಿಸಿ, ಕೂಲಿ ಉಳಿಯುತ್ತದೆಂಬ ಲೆಕ್ಕದಲ್ಲಿ ಬೇಡ.

ತೋಟದ ವಿಷಯ ಬಂದದ್ದರಿಂದ ಕೇಳದೆಯೇ ಒಂದು ಹೇಳುತ್ತೇನೆ. ಮಳೆಗೆ ಮುಂಚೆ ಕಾಫಿ, ಮೆಣಸಿಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರ. ದನ, ಆಡು ತಡೆದುಕೊಳ್ಳುವಷ್ಟು ತಾಮ್ರವನ್ನು ಕುರಿ ತಡೆದುಕೊಳ್ಳುವುದಿಲ್ಲ. ಅದು ಪಿತ್ತಜನಕಾಂಗದಲ್ಲಿ ತಿಂಗಳುಗಟ್ಟಲೆ ಸದ್ದಿಲ್ಲದೆ ಸೇರಿಕೊಂಡು, ಒಂದು ದಿನ ಇದ್ದಕ್ಕಿದ್ದಂತೆ ಕಣ್ಣು ಹಳದಿಯಾಗಿ, ಕಾಫಿ ಬಣ್ಣದ ಉಚ್ಚೆ ಹೊಯ್ದು ಕುರಿ ಸಾಯುತ್ತದೆ. ಮದ್ದು ಹೊಡೆದ ತುಂಡಿನಲ್ಲಿ ಒಳ್ಳೆಯ ಮಳೆ ಬಂದು ಎಲೆ ತೊಳೆದು ಹೊಸ ಹುಲ್ಲು ಬರುವ ತನಕ ಮೇಯಿಸಬೇಡಿ, ಮದ್ದು ಕಲಸಿದ ಡ್ರಮ್ಮಿನ ಜಾಗಕ್ಕಂತೂ ಬಿಡಲೇಬೇಡಿ. ದನಕ್ಕೆ ತಂದ ಖನಿಜ ಮಿಶ್ರಣವನ್ನೂ ಕುರಿಗೆ ಹಾಕಬೇಡಿ, ಅದರಲ್ಲೂ ತಾಮ್ರವಿರುತ್ತದೆ. ಓಡಾಟಕ್ಕೆ ಇಂಥ ಕುರಿ ದಿಢೀರನೆ ಕುಸಿದರೆ ತಪ್ಪು ನಾಯಿಯ ತಲೆಗೆ ಬರುತ್ತದೆ.

ನಾಯಿ ಮತ್ತು ಕುರಿ ಒಂದೇ ಮನೆಯಲ್ಲಿದ್ದರೆ ಜಂತಿನ ಔಷಧಿ ತಪ್ಪಿಸಬಾರದು. ಮರಿ ಕೊಯ್ದಾಗ ತಲೆ, ಶ್ವಾಸಕೋಶ, ಲಿವರ್ ಹಸಿಯಾಗಿ ನಾಯಿಗೆ ಎಸೆಯುವ ರೂಢಿ ಇದ್ದರೆ ಇವತ್ತೇ ನಿಲ್ಲಿಸಿ. ಅದರಿಂದ ನಾಯಿಯ ಹೊಟ್ಟೆಯಲ್ಲಿ ಲಾಡಿಹುಳು ಬೆಳೆದು, ಅದರ ಮೊಟ್ಟೆ ಹುಲ್ಲಿಗೆ ಬಿದ್ದು, ಮೇಯ್ದ ಕುರಿಯ ಮಿದುಳಿನಲ್ಲಿ ಗುಳ್ಳೆ ಕಟ್ಟುತ್ತದೆ. ಕುರಿ ಒಂದೇ ಕಡೆಗೆ ತಿರುಗಿ ತಿರುಗಿ ಬೀಳುವುದು ಅದಕ್ಕೇ. ಇನ್ನೊಂದು ಜಾತಿಯ ಹುಳು ಮನುಷ್ಯರ ಲಿವರಿನಲ್ಲೂ ಗುಳ್ಳೆ ಮಾಡುತ್ತದೆ. ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್ ಇರುವ ಮಾತ್ರೆ ಬೇಕು, ಎಷ್ಟು ದಿನಕ್ಕೊಮ್ಮೆ ಎಂದು ಪಶುವೈದ್ಯರನ್ನು ಕೇಳಿ. ಕುರಿಗೆ ಕುಡಿಸುವ ಐವರ್‌ಮೆಕ್ಟಿನ್ ಬಾಟಲಿ, ಚೆಲ್ಲಿದ ಔಷಧಿ, ಔಷಧಿ ಕುಡಿದ ಕುರಿಯ ಹಿಕ್ಕೆ ಇವು ಬ್ರೂನೋನ ಬಾಯಿಗೆ ಸಿಗದಿರಲಿ. ಕೋಲಿ ವಂಶದ ಕೆಲವು ನಾಯಿಗಳಿಗೆ ಆ ಔಷಧಿ ಮಿದುಳಿಗೆ ಏರುವ ಹುಟ್ಟು ದೋಷವಿದೆ. ಬಾರ್ಡರ್ ಕೋಲಿಗಳಲ್ಲಿ ಕಡಿಮೆ, ಆದರೂ ಪರೀಕ್ಷೆ ಮಾಡಿ ನೋಡುವುದು ಬೇಡ. ರೇಬಿಸ್ ಲಸಿಕೆ ವರ್ಷ ವರ್ಷವೂ ಆಗಬೇಕು. ಪಶುವೈದ್ಯರ ಗಾಡಿಗೆಂದು 1962ಕ್ಕೆ ಫೋನ್ ಮಾಡುವುದು ಬೇಗವೋ, ನೀವೇ ಆಸ್ಪತ್ರೆಗೆ ಹೋಗುವುದು ಬೇಗವೋ ಎಂಬುದನ್ನು ನಿಮ್ಮ ಊರಿನ ದಾರಿ ನೋಡಿ ನಿರ್ಧರಿಸಿ.

ಜೂನಿನಲ್ಲಿ ಮಳೆ ಹಿಡಿದ ಮೇಲೆ ಗದ್ದೆಗೂ ರಜೆ, ಪಾಠಕ್ಕೂ ರಜೆ. ಜಾರುವ ನೆಲದಲ್ಲಿ ಕುರಿ ಓಡಿಸಿದರೆ ಕಾಲು ಮುರಿಯುತ್ತದೆ, ಕೆಸರಿಗೆ ಗೊರಸು ಕೊಳೆಯುತ್ತದೆ. ಆಗ ಮನೆಯ ಮಾಡಿನಡಿ ನಿಲ್ಲು–ಬಾ ಮುಂದುವರಿಸಿ, ಉಣುಗು, ಜಿಗಣೆ ತೆಗೆಯುತ್ತಿರಿ.

ಮೇ ಕೊನೆಗೆ ಒಂದು ಪರೀಕ್ಷೆ ಇಡಿ. ಕುರಿಗಳು ಓಡುತ್ತಿರುವಾಗ ಒಂದೇ ಮಾತಿಗೆ ಬ್ರೂನೋ ನಿಲ್ಲುತ್ತಾನೆಯೇ? ಆರು ಕುರಿಗಳನ್ನು ಗದ್ದೆಯ ಆಚೆ ಬದಿಯಿಂದ ಬಾಯಿ ಹಾಕದೆ ನಿಮ್ಮ ಹತ್ತಿರ ತರುತ್ತಾನೆಯೇ? ಎರಡಕ್ಕೂ ಹೌದು ಎಂದಾದರೆ ನಿಮ್ಮ ಹತ್ತಿರ ಒಳ್ಳೆಯ ನಾಯಿ ಇದೆ, ಎರಡನೆಯ ವರ್ಷದಲ್ಲಿ ಉಳಿದದ್ದು ಬರುತ್ತದೆ. ಮೊದಲನೆಯದಕ್ಕೆ ಮಾತ್ರ ಹೌದು ಎಂದಾದರೂ ಇಟ್ಟುಕೊಳ್ಳಿ, ಮಳೆ ಕಳೆದು ಮುಂದುವರಿಸಿ. ಎರಡಕ್ಕೂ ಇಲ್ಲ, ಕುರಿ ಕಂಡರೆ ಇನ್ನೂ ಕಣ್ಣು ಕೆಂಪು ಮಾಡುತ್ತಾನೆ ಎಂದಾದರೆ ಕುರಿಯಿಲ್ಲದ, ಆದರೆ ದಿನಾ ಓಡಾಡಿಸಲು ಪುರುಸೊತ್ತಿರುವ ಮನೆ ಹುಡುಕಿ ಕೊಡಿ. ಪರಿಚಯದವರ ಮನೆಯೇ ಆಗಲಿ, ಸಂತೆಯಲ್ಲಿ ಸಿಕ್ಕವರಿಗೆ ಬೇಡ. ಕೊಡುವಾಗ ಲಸಿಕೆಯ ಪುಸ್ತಕದ ಜೊತೆ, ಅವನಿಗೆ ಯಾವ ಮಾತಿಗೆ ಏನು ಮಾಡಲು ಕಲಿಸಿದ್ದೀರಿ ಎಂದು ಒಂದು ಚೀಟಿಯಲ್ಲಿ ಬರೆದಿಡಿ.